ಯೂದಿಕ್ ಯಾರನ್ನೂ ನಂಬಲಿಲ್ಲ

ಯೂದಿಕ್ ಹುಟ್ಟಿದ್ದು ದನದ ವ್ಯಾಪಾರಿಯ ಮನೆಯಲ್ಲಿ. ಆ ಮನೆಯಲ್ಲಿ ಅನುಮಾನ ಎನ್ನುವುದು ಊಟದ ಜೊತೆಗೇ ಬಡಿಸುತ್ತಿದ್ದ ಪದಾರ್ಥ.

ಅಪ್ಪ ನಾಥಾನ್ ಫಾನ್ ಗೆಲ್ಡರ್. ಹಾಲೆಂಡಿನ ಪೂರ್ವದ ಅಂಚಿನಲ್ಲಿ, ಜರ್ಮನಿಯ ಗಡಿಗೆ ಅಂಟಿಕೊಂಡ ಸಣ್ಣ ಪಟ್ಟಣ ಅವನದು. ಸಂತೆಯ ದಿನ ರೈತನ ಅಂಗೈಗೆ ಅಂಗೈ ಬಡಿಯುತ್ತಾ ಬೆಲೆ ಕೂಗುತ್ತಿದ್ದ. ಒಂದು ಬೆಲೆಗೆ ಒಂದು ಏಟು. ಹೊಡೆದು ಹೊಡೆದು ಇಬ್ಬರ ಕೈಯೂ ಕೆಂಪಗಾಗುತ್ತಿತ್ತು. ಕೊನೆಗೆ ಕೈ ಬಿಡದೆ ಹಿಡಿದುಕೊಂಡರೆ ವ್ಯಾಪಾರ ಮುಗಿಯಿತು ಎಂದು ಅರ್ಥ. ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ಹಸು ನೋಡ್ಬೇಡ ಕಣೆ," ಅನ್ನುತ್ತಿದ್ದ ಅಪ್ಪ. "ಹಸು ಮಾರೋನ್ನ ನೋಡು. ಅವನು ಯಾವ ಕಡೆ ಅಡ್ಡ ನಿಂತಿದಾನೋ ಆ ಕಡೆ ಏನೋ ಐಬು ಇದೆ."

ಅಮ್ಮ ರೈನಾಗೆ ಮನುಷ್ಯರ ಮೇಲೆ ಅನುಮಾನ ಇರಲಿಲ್ಲ. ಅವಳ ಅನುಮಾನವೆಲ್ಲ ಮೊಟ್ಟೆಯ ಮೇಲೆ. ಯಹೂದಿಗಳು ರಕ್ತ ತಿನ್ನುವಂತಿಲ್ಲ. ಅದಕ್ಕೆ ಅಮ್ಮ ಒಂದೊಂದೇ ಮೊಟ್ಟೆಯನ್ನು ಗಾಜಿನ ಲೋಟಕ್ಕೆ ಒಡೆಯುತ್ತಿದ್ದಳು. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಸಾಸಿವೆಯಷ್ಟು ಕೆಂಪು ಚುಕ್ಕೆ ಕಂಡರೂ ಆ ಮೊಟ್ಟೆ ಹೊರಗೆ ಹೋಗುತ್ತಿತ್ತು. ಚುಕ್ಕೆ ಇಲ್ಲದಿದ್ದರೆ ಬಟ್ಟಲಿಗೆ. ಯೂದಿಕ್‌ಗೆ ಅಕ್ಷರ ಬರುವ ಮೊದಲೇ ಈ ಕೆಲಸ ಕೈಗೆ ಬಂದಿತ್ತು.

ಜರ್ಮನ್ನರು ಬಂದಾಗ ಅವಳಿಗೆ ಹದಿನಾಲ್ಕು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದೊಂದೇ ಆಯಿತು. ಶಾಲೆಗೆ ಬರಬೇಡ ಎಂದರು. ಅಂಗಿಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಿ ಎಂದರು. ಸೈಕಲ್ ಕಸಿದುಕೊಂಡರು. ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ ಬೀದಿಯಲ್ಲಿ ಎದುರಾದರೆ ಅಂಗಡಿಯೊಳಗೆ ಹೊಕ್ಕುಬಿಡುತ್ತಿದ್ದಳು. ಅದು ಬೀಗದ ಅಂಗಡಿ. ಆ ಹುಡುಗಿಗೆ ಬೀಗದಂಗಡಿಯಲ್ಲಿ ಏನು ಕೆಲಸ?

ಒಂದು ದಿನ ಎದುರುಮನೆಯವಳು ನಗುನಗುತ್ತಾ ಬಂದಳು.

"ರೈನಾ, ನಿಮ್ಮ ಗೋಡೆ ಗಡಿಯಾರ ನಮ್ಮನೇಲಿ ಇಟ್ಕೊಂಡಿರ್ತೀನಿ ಬಿಡಿ. ಹೊಲಿಗೆ ಮಿಷನ್ನೂ ಕೊಡಿ. ನೀವು ವಾಪಸ್ ಬಂದಾಗ ಹಾಗೇ ಇರುತ್ತೆ."

ಅಮ್ಮ ಕಣ್ಣು ಒರೆಸಿಕೊಂಡು ಗಡಿಯಾರ ಇಳಿಸಿ ಕೊಟ್ಟಳು. ಎದುರುಮನೆಯವಳು ಹೋದ ಮೇಲೆ ಯೂದಿಕ್ ಕೇಳಿದಳು, "ಅಮ್ಮ, ನಾವೆಲ್ಲಿಗೆ ಹೋಗ್ತಿದೀವಿ?"

"ಎಲ್ಲಿಗೂ ಇಲ್ಲವಲ್ಲೇ."

"ಮತ್ತೆ ಇವಳಿಗೆ ಹೆಂಗೆ ಗೊತ್ತು, ನಾವು ವಾಪಸ್ ಬರೋದು?"

"ನಿಂಗೆ ಎಲ್ಲದ್ರಲ್ಲೂ ಅನುಮಾನ. ಥೇಟ್ ನಿಮ್ಮಪ್ಪ."

ಆ ಬೇಸಿಗೆಯಲ್ಲಿ ಅಪ್ಪನನ್ನು ಕೂಲಿ ಶಿಬಿರಕ್ಕೆ ಕರೆದೊಯ್ದರು. ದೇಶದ ಉತ್ತರದಲ್ಲಿ ಎಲ್ಲೋ ಕಾಲುವೆ ತೋಡುವ ಕೆಲಸ. ಹೋಗುವ ಮುಂಚೆ ಅವನು ಮಗಳನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು ಹೇಳಿದ. ಪಟ್ಟಣದಾಚೆ ಬೆರೆಂಡ್ ಹಾರ್ಮ್ಸೆನ್ ಎಂಬ ರೈತನಿದ್ದಾನೆ. ಬಹಳ ವರ್ಷದಿಂದ ಅವನ ಕರುಗಳನ್ನು ನಾನೇ ಕೊಳ್ಳುತ್ತಿದ್ದೇನೆ. ಕಷ್ಟ ಬಂದರೆ ಒಬ್ಬರನ್ನು ಇಟ್ಟುಕೊಳ್ಳುತ್ತೇನೆ ಎಂದಿದ್ದಾನೆ.

"ಅವನನ್ನ ನಂಬಬಹುದಾ ಅಪ್ಪ?"

"ಅವನು ಯಾವತ್ತೂ ಹಸುಗೆ ಅಡ್ಡ ನಿಂತಿಲ್ಲ," ಎಂದ ಅಪ್ಪ.

ಅಕ್ಟೋಬರಿನ ಒಂದು ಶುಕ್ರವಾರ ಮಧ್ಯಾಹ್ನ ಸುದ್ದಿ ಬಂತು. ಹೆಂಗಸರು ಮಕ್ಕಳು ಗಂಟು ಕಟ್ಟಿಕೊಂಡು ಸಿದ್ಧವಾಗಿರಬೇಕು. ಶಿಬಿರದಲ್ಲಿರುವ ಗಂಡಸರ ಹತ್ತಿರ ಕರೆದೊಯ್ದು ಸಂಸಾರಗಳನ್ನು ಒಂದು ಮಾಡುತ್ತಾರಂತೆ. ಅಮ್ಮನ ಮುಖ ಅರಳಿತು. ಪುಟ್ಟ ತಮ್ಮ ಲೇವಿಗೆ ಎರಡು ಸ್ವೆಟರ್ ಹಾಕಿದಳು. ಅಪ್ಪನ ಚಳಿಗಾಲದ ಬೂಟು ಚೀಲಕ್ಕೆ ತುಂಬಿದಳು.

ಯೂದಿಕ್ ಬಾಗಿಲಲ್ಲೇ ನಿಂತಿದ್ದಳು. "ಒಂದು ಮಾಡ್ಬೇಕಂದ್ರೆ ಅಪ್ಪನ್ನೇ ಮನೆಗೆ ಕಳಿಸಬಹುದಲ್ಲ? ನಮ್ಮನ್ನ ಯಾಕೆ ಕರ್ಕೊಂಡು ಹೋಗ್ತಾರೆ?"

ಅಮ್ಮನ ಕೈ ಚೀಲದ ಮೇಲೆ ಒಂದು ಗಳಿಗೆ ನಿಂತಿತು. "ಅಪ್ಪ ಅಲ್ಲಿ ಕಾಯ್ತಿರ್ತಾರೆ. ನಾವು ಹೋಗದೆ ಹೋದ್ರೆ ಏನಂದ್ಕೊಳ್ತಾರೆ ಹೇಳು?"

"ನಾನು ಬರಲ್ಲ."

ಅಮ್ಮ ಬಯ್ದಳು, ಅತ್ತಳು. ಕೊನೆಗೆ ತಾನೇ ಕತ್ತರಿ ತಂದು ಮಗಳ ಕೋಟಿನಿಂದ ನಕ್ಷತ್ರ ಬಿಚ್ಚಿದಳು. ನೂಲಿನ ತುಂಡುಗಳನ್ನು ಒಂದೊಂದಾಗಿ ಉಗುರಿನಿಂದ ಕಿತ್ತಳು. ಯೂದಿಕ್ ಹೊಲಗಳ ಅಂಚು ಹಿಡಿದು ನಡೆದಳು. ಅಮ್ಮ, ಲೇವಿ ಸ್ಟೇಷನ್ನಿಗೆ ನಡೆದರು.

ಬೆರೆಂಡ್ ಮಾತು ಕಡಿಮೆಯ ಮನುಷ್ಯ. ಅವನ ಹೆಂಡತಿ ಡೆಲಾ ಇಬ್ಬರ ಮಾತನ್ನೂ ಆಡುತ್ತಿದ್ದಳು. ಇಬ್ಬರೂ ಕಟ್ಟುನಿಟ್ಟಿನ ಕ್ರೈಸ್ತರು. ಪ್ರತಿ ಊಟಕ್ಕೆ ಮೊದಲು ಪ್ರಾರ್ಥನೆ, ಊಟ ಮುಗಿದರೆ ಬೈಬಲ್ ಓದು. ಬೆರೆಂಡ್ ಎಲ್ಲಿಂದಲೋ ಅವಳಿಗೆ ಸುಳ್ಳು ಗುರುತಿನ ಚೀಟಿ ತಂದ. ಅಂದಿನಿಂದ ಅವಳ ಹೆಸರು ಯಾನೆಕೆ. ಬೆರೆಂಡನ ಅಕ್ಕನ ಮಗಳು. ರೋಟರ್‌ಡಾಮಿನಲ್ಲಿ ಬಾಂಬು ಬಿದ್ದು ಮನೆಮಠ ಹೋದವಳು. ಅವನು ಮಾವ, ಅವಳು ಅತ್ತೆ.

ಮೊದಲ ದಿನ ತಟ್ಟೆಗೆ, ಯಹೂದಿಗಳು ಮುಟ್ಟದ ಹಂದಿ ಕೊಬ್ಬು ಬಿತ್ತು. ಯೂದಿಕ್ ನೋಡುತ್ತಾ ಕೂತಳು.

"ಬೇಡಾಂದ್ರೆ ಬಿಡು," ಎಂದ ಬೆರೆಂಡ್.

"ಬಿಡಬಾರ್ದು!" ಎಂದಳು ಡೆಲಾ. "ರೋಟರ್‌ಡಾಮಲ್ಲಿ ಹಸಿದಿದ್ದ ಹುಡುಗಿ ಹಂದಿ ಬಿಡ್ತಾಳಾ? ನುಂಗು ಮಗ. ದೇವರಿಗೆ ನಾನು ಉತ್ತರ ಹೇಳ್ಕೋತೀನಿ. ನಿಮ್ಮ ದೇವರಿಗೂ."

ಯೂದಿಕ್ ನುಂಗಿದಳು. ಅವರ ಹಾಡುಗಳನ್ನು ಕಲಿತಳು, ಅವರ ಪ್ರಾರ್ಥನೆ ಕಲಿತಳು. ಆದರೂ ಹಾಸಿಗೆಯಲ್ಲಿ ಬೂಟು ಬಿಚ್ಚದೆ ಮಲಗುತ್ತಿದ್ದಳು. ಇವರಿಗೆ ನನ್ನಿಂದ ಏನು ಲಾಭ? ಅಪ್ಪನಿಂದ ಏನಾದರೂ ಪಡೆದಿದ್ದಾರಾ? ಬೆರೆಂಡ್ ಪಟ್ಟಣಕ್ಕೆ ಹೋಗಿ ತಡವಾಗಿ ಬಂದರೆ ಅವನ ಮುಖವನ್ನೇ ನೋಡುತ್ತಿದ್ದಳು. ಯಾರ ಹತ್ತಿರ ಮಾತಾಡಿ ಬಂದ? ಯಾಕೆ ಸುಮ್ಮನಿದ್ದಾನೆ? ಅವನು ಯಾವಾಗಲೂ ಸುಮ್ಮನೇ ಇರುತ್ತಿದ್ದ. ಅದು ಗೊತ್ತಿದ್ದರೂ ಕೇಳಿಕೊಳ್ಳುತ್ತಿದ್ದಳು.

ಆ ಸೀಮೆಯ ಹಳ್ಳಿಗಳಲ್ಲಿ ಒಂದು ಪದ್ಧತಿ. ಪಕ್ಕದ ಮನೆಯವರು ನೆಂಟರಿಗಿಂತ ಹೆಚ್ಚು. ಹೆರಿಗೆಗೆ ಅವರೇ ಬರಬೇಕು, ಮದುವೆಗೆ ಕಾಗದದ ಹೂವು ಅವರೇ ಕಟ್ಟಬೇಕು, ಸತ್ತರೆ ಹೆಣ ಅವರೇ ತೊಳೆಯಬೇಕು. ಅವರು ಬಾಗಿಲು ತಟ್ಟುವುದಿಲ್ಲ. ಹಿಂದಿನಿಂದ ನೇರ ಅಡಿಗೆಮನೆಗೇ ಬರುತ್ತಾರೆ. ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದರೆ ಊರಿಗೆಲ್ಲ ಸುದ್ದಿ: ಆ ಮನೆಯಲ್ಲಿ ಏನೋ ಇದೆ.

ಹಾರ್ಮ್ಸೆನ್ ಮನೆಯ ಪಕ್ಕದ ಮನೆ ಗೆಸೀನಾಳದು. ವಿಧವೆ. ಎಲುಬು ಗಟ್ಟಿ, ಮಾತೂ ಗಟ್ಟಿ. ಸುಳ್ಳು ಹೇಳದವಳು ಎಂದು ಊರಲ್ಲಿ ಹೆಸರು. ಪಾದ್ರಿಯ ಮುಖಕ್ಕೇ "ಇವತ್ತಿನ ಉಪದೇಶ ಚೆನ್ನಾಗಿರಲಿಲ್ಲ" ಎಂದು ಹೇಳಿ ಬಂದವಳು. ಅವಳಿಗೆ ಒಬ್ಬನೇ ಮಗ, ಡೆರ್ಕ್. ಅವನು ಜರ್ಮನ್ನರ ಸೈನ್ಯ ಸೇರಿ ರಷ್ಯಾ ಕಡೆ ಹೋಗಿದ್ದ. ಅವನ ಫೋಟೋ, ಅದೇ ಸಮವಸ್ತ್ರದಲ್ಲಿ, ಅವಳ ಅಡಿಗೆಮನೆಯ ಕಪಾಟಿನ ಮೇಲಿತ್ತು.

ಗೆಸೀನಾ ಬಂದಾಗಲೆಲ್ಲ ಯೂದಿಕ್ ಕೊಟ್ಟಿಗೆಯಲ್ಲೇನೋ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಹೀಗೆ ಒಂದು ವರ್ಷದ ಮೇಲಾಯಿತು.

ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದ ಡೆಲಾಗೆ ಯುದ್ಧದ ನಡುವೆ ಹೆಣ್ಣುಮಗು ಹುಟ್ಟಿತು. ಸುತ್ತಲಿನ ಹೆಂಗಸರೆಲ್ಲ ಅಡಿಗೆಮನೆಯಲ್ಲಿ ಸೇರಿದರು. ಬಾಣಂತಿಯ ಮನೆಗೆ ಉದ್ದನೆಯ ದ್ರಾಕ್ಷಿ ಬ್ರೆಡ್ಡು ತರುವುದು ವಾಡಿಕೆ. ದ್ರಾಕ್ಷಿ ಸಿಗದ ಕಾಲ. ಒಣಗಿಸಿದ ಸೇಬಿನ ಚೂರು ಹಾಕೋಣ ಎಂದರು. ಹಿಟ್ಟು ಇವರಿಂದ, ಹಾಲು ಅವರಿಂದ. ಗೆಸೀನಾ ಏಪ್ರನ್ನಿನ ಮಡಿಲಲ್ಲಿ ಮೊಟ್ಟೆ ತಂದಿದ್ದಳು.

"ಯಾನೆಕೆ, ಸುಮ್ನೆ ನಿಂತಿದೀಯಲ್ಲ. ಇವನ್ನ ಒಡಿ," ಎಂದು ಮುಂದೆ ಇಟ್ಟಳು.

ಒಳಗೆ ಮಗು ಅಳುತ್ತಿತ್ತು. ಹೆಂಗಸರು ಮಗುವಿನ ಮೂಗು ಯಾರ ಹಾಗಿದೆ ಎಂದು ಜಗಳವಾಡುತ್ತಿದ್ದರು. "ಬೆರೆಂಡನ ಮೂಗು ಬರ್ದಿದ್ರೆ ಸಾಕಪ್ಪ," ಎಂದಳು ಒಬ್ಬಳು. ಎಲ್ಲರೂ ನಕ್ಕರು. ಯೂದಿಕ್‌ಗೂ ನಗು ಬಂತು. ಬಹಳ ದಿನದ ಮೇಲೆ ಅವಳ ಮನಸ್ಸು ಹಗುರಾಗಿತ್ತು. ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು. ಒಂದು ಮೊಟ್ಟೆ, ಲೋಟಕ್ಕೆ. ಕಿಟಕಿಗೆ ಹಿಡಿದಳು. ಬಟ್ಟಲಿಗೆ. ಇನ್ನೊಂದು, ಲೋಟಕ್ಕೆ. ಕಿಟಕಿಗೆ. ಬಟ್ಟಲಿಗೆ. ಮತ್ತೊಂದರಲ್ಲಿ ಕೆಂಪು ಚುಕ್ಕೆ. ಹಂದಿಗೆ ಇಟ್ಟ ಬಕೆಟ್ಟಿಗೆ ಸುರಿದಳು.

"ಏನದು?"

ಗೆಸೀನಾ ಪಕ್ಕದಲ್ಲೇ ನಿಂತಿದ್ದಳು.

"ಕೆಟ್ಟಿತ್ತು, ಗೆಸೀನಮ್ಮ."

"ಇವತ್ತು ಬೆಳಿಗ್ಗೆ ಗೂಡಿಂದ ತೆಗ್ದಿದ್ದು. ಇನ್ನೂ ಬೆಚ್ಚಗಿತ್ತು." ಗೆಸೀನಾ ಬಕೆಟ್ಟಿಗೆ ಬಗ್ಗಿ ನೋಡಿದಳು. ಆಮೇಲೆ ಲೋಟ ನೋಡಿದಳು. ಆಮೇಲೆ ಯೂದಿಕ್‌ಳ ಕೈ ನೋಡಿದಳು. "ಜರ್ಮನ್ನರು ಮೊಟ್ಟೆ ಎಣಿಸಿ ಎಣಿಸಿ ಒಯ್ತಿದಾರೆ. ನೀನು ಹಂದಿಗೆ ಹಾಕ್ತೀಯ."

ಮಿಕ್ಕವರು ನಗು ನಿಲ್ಲಿಸಿದರು.

"ಪಟ್ಟಣದ ಹುಡುಗಿ," ಎಂದಳು ಒಬ್ಬಳು. "ಒಂದು ಚುಕ್ಕೆ ಕಂಡ್ರೂ ವಾಂತಿ ಬರುತ್ತೆ ಇವರಿಗೆ."

"ಇರಬಹುದು," ಎಂದಳು ಗೆಸೀನಾ. "ಹಿಂಗೆ ಮೊಟ್ಟೆ ಒಡೆಯೋರ್ನ ನಾನು ಒಂದೇ ಮನೇಲಿ ಕಂಡಿದೀನಿ."

ಅಷ್ಟೇ ಹೇಳಿದಳು. ಉಳಿದ ಮೊಟ್ಟೆಗಳನ್ನು ತಾನೇ ತೆಗೆದುಕೊಂಡು ಬಟ್ಟಲಿನ ಅಂಚಿಗೆ ಬಡಿದು ಬಡಿದು ಸುರಿದಳು.

ಹೆಂಗಸರು ಹೋದ ಮೇಲೆ ಯೂದಿಕ್ ಡೆಲಾಳ ಮಂಚದ ಹತ್ತಿರ ಬಂದಳು. ಬೆರೆಂಡ್ ಅಲ್ಲೇ ಇದ್ದ. "ಅತ್ತೆ, ಗೆಸೀನಮ್ಮ ಮದುವೆಗೆ ಮುಂಚೆ ಎಲ್ಲಿ ಕೆಲ್ಸಕ್ಕಿದ್ರು?"

ಡೆಲಾಳ ಮುಖದ ಬಣ್ಣ ಹೋಯಿತು. "ಪಟ್ಟಣದಲ್ಲಿ. ಕಸಾಯಿ ಅಂಗಡಿಯವರ ಮನೇಲಿ. ನಿಮ್ಮವರೇ."

ಯೂದಿಕ್‌ಗೆ ಅಷ್ಟು ಸಾಕಾಯಿತು. ಅಲ್ಲಿ ವರ್ಷಗಟ್ಟಲೆ ಪಾತ್ರೆ ತೊಳೆದವಳಿಗೆ ಲೋಟ ಕಿಟಕಿಗೆ ಹಿಡಿಯುವುದು ಏನೆಂದು ಗೊತ್ತಿಲ್ಲವೇ?

"ಇವಳನ್ನ ಬೇರೆ ಕಡೆ ಕಳಿಸ್ಬಿಡೋಣ ಕಣ್ರೀ," ಎಂದಳು ಡೆಲಾ. "ಇವತ್ತೇ."

ಬೆರೆಂಡ್ ಬಹಳ ಹೊತ್ತು ತಲೆ ಕೆರೆದುಕೊಂಡ. "ನಾಳೆ ಹುಡುಗಿ ಕಾಣ್ಲಿಲ್ಲ ಅಂದ್ರೆ ಅನುಮಾನ ಇದ್ದದ್ದು ಖಾತ್ರಿ ಆಗುತ್ತೆ. ಆಗ ನಮ್ಮನ್ನ ಹಿಡಿತಾರೆ." ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಯೂದಿಕ್ ಕೇಳಿರಲಿಲ್ಲ.

ಹಾಗಾಗಿ ಅವಳು ಉಳಿದಳು. ಇದ್ದರೆ ಅಪಾಯ, ಹೋದರೂ ಅಪಾಯ. ಗೆಸೀನಾ ಬಾಣಂತಿ ನೋಡುವ ನೆಪದಲ್ಲಿ ದಿನಾ ಬರತೊಡಗಿದಳು. ಪ್ರತಿ ಸಲವೂ ಯೂದಿಕ್‌ಳ ಮೇಲೆ ಒಂದು ಕಣ್ಣು. ನೆಪವೋ, ನಿಜವೋ? ಪಕ್ಕದ ಮನೆಯವಳು ಬರಲೇಬೇಕಿತ್ತು, ಅದು ಅವಳ ಧರ್ಮ. ಆದರೆ ಹಸುವಿನ ಯಾವ ಕಡೆ ನಿಂತಿದ್ದಾಳೆ ಇವಳು? ಆ ವಾರದಲ್ಲೇ ಇನ್ನೊಂದು ಸುದ್ದಿ ಬಂತು. ಡೆರ್ಕ್ ರಜಕ್ಕೆ ಊರಿಗೆ ಬರುತ್ತಿದ್ದಾನೆ.

ಯೂದಿಕ್‌ಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ ಗೆಸೀನಾಳ ಮನೆಗೆ ಹೋದಳು. ಗೆಸೀನಾ ಆಲೂಗೆಡ್ಡೆ ಸುಲಿಯುತ್ತಿದ್ದಳು. ಕಪಾಟಿನ ಮೇಲಿಂದ ಡೆರ್ಕ್ ನೋಡುತ್ತಿದ್ದ.

"ಗೆಸೀನಮ್ಮ, ನಿಮ್ಮ ಹತ್ರ ಒಂದು ವಿಷಯ..."

"ಹೇಳ್ಬೇಡ."

"ನಾನು ಇನ್ನೂ ಏನೂ..."

"ಅದಕ್ಕೇ ಹೇಳ್ತಿರೋದು, ಹೇಳ್ಬೇಡ." ಗೆಸೀನಾ ಚಾಕು ಕೆಳಗಿಟ್ಟಳು. "ನಂಗೆ ಏನೂ ಗೊತ್ತಿಲ್ಲ. ಒಂದು ಹುಡುಗಿ ಒಂದು ಮೊಟ್ಟೆ ಚೆಲ್ಲಿದ್ಲು, ಅಷ್ಟು ಗೊತ್ತು. ನೀನು ಬಾಯಿ ಬಿಟ್ರೆ ಗೊತ್ತಾಗಿ ಹೋಗುತ್ತೆ. ನಾಡಿದ್ದು ನನ್ನ ಮಗ ಬರ್ತಾನೆ. ಅವನು ಕೇಳಿದ್ರೆ ನಾನು ಸುಳ್ಳು ಹೇಳಲ್ಲ. ಅವನಿಗೆ ಯಾವತ್ತೂ ಹೇಳಿಲ್ಲ. ಅವನಪ್ಪ ಸತ್ತಾಗ್ಲೂ ಹೇಳಿಲ್ಲ."

"ಕೇಳದೇ ಇದ್ರೆ?"

"ಕೇಳದೇ ಇದ್ರೆ ನಾನ್ಯಾಕೆ ಮಾತಾಡ್ಲಿ? ನಿನ್ನ ಕೈಗೆ ಸರಿಯಾಗಿ ಮೊಟ್ಟೆ ಒಡೆಯೋದು ಕಲಿಸು ಮೊದ್ಲು. ಹೋಗು."

ಯೂದಿಕ್ ದಾರಿಯುದ್ದಕ್ಕೂ ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಾಪಾಡುತ್ತೇನೆ ಎಂದು ಹೇಳಲಿಲ್ಲ. ಹಿಡಿದುಕೊಡುತ್ತೇನೆ ಎಂದೂ ಹೇಳಲಿಲ್ಲ. ಮಗ ಬರಲಿ ಎಂದು ಕಾಯುತ್ತಿದ್ದಾಳೋ?

ಡೆರ್ಕ್ ಬಂದ. ಬಂದವನು ಮಗು ನೋಡಲು ಬರಲೇಬೇಕು, ಅದೂ ಪದ್ಧತಿ. ಹಾಡುಹಗಲೇ ತಾಯಿ ಮಗ ಇಬ್ಬರೂ ಅಡಿಗೆಮನೆಗೆ ಬಂದರು. ಅವನ ಎಡಗಿವಿಯ ಅರ್ಧ ರಷ್ಯಾದ ಹಿಮಕ್ಕೆ ಹೋಗಿತ್ತು. ಯೂದಿಕ್ ಓಡಿಹೋಗುವಂತಿರಲಿಲ್ಲ. ಕಾಫಿ ಹೆಸರಿನ ಬಾರ್ಲಿ ಕಷಾಯ ಬಗ್ಗಿಸುತ್ತಾ ನಿಂತಳು.

"ಈಕೆ ಯಾರು?" ಎಂದ ಡೆರ್ಕ್.

"ನನ್ನ ಅಕ್ಕನ ಮಗಳು," ಎಂದ ಬೆರೆಂಡ್.

"ರೋಟರ್‌ಡಾಮ್ ಕಡೆಯವಳು," ಎಂದಳು ಡೆಲಾ, ಸ್ವಲ್ಪ ಬೇಗನೇ.

"ಹೌದಾ? ನಮ್ಮ ತುಕಡೀಲಿ ರೋಟರ್‌ಡಾಮ್ ಹುಡುಗ ಇದ್ದ. ಯಾವ ಬೀದಿ?"

ಯೂದಿಕ್ ಕಲಿತ ಬೀದಿಯ ಹೆಸರು ಹೇಳಿದಳು.

ಡೆರ್ಕ್ ಲೋಟ ಕೆಳಗಿಟ್ಟ. "ಅವನ ಮಾತೇ ಬೇರೆ ಥರ. ನೀನು ನಮ್ಮ ಸಂತೆ ಬೀದಿಯವರ ಹಂಗೆ ಮಾತಾಡ್ತೀಯಲ್ಲ?"

"ಇಲ್ಲೇ ಇದ್ದು ಇದ್ದು..."

"ಇಷ್ಟು ಬೇಗ?" ಅವನು ತಾಯಿಯ ಕಡೆ ತಿರುಗಿದ. "ಅಮ್ಮ, ಇವಳು ಬೆರೆಂಡಣ್ಣನ ಅಕ್ಕನ ಮಗಳು ಹೌದಾ? ನೀನು ಹೇಳು."

ಡೆಲಾ ಮಗುವನ್ನು ಎದೆಗೆ ಒತ್ತಿಕೊಂಡಳು. ಬೆರೆಂಡನ ಕಣ್ಣು ಮೂಲೆಯಲ್ಲಿದ್ದ ಕೊಡಲಿಯ ಮೇಲಿತ್ತು. ಯೂದಿಕ್ ಗೆಸೀನಾಳ ಬಾಯಿಯನ್ನೇ ನೋಡುತ್ತಿದ್ದಳು.

"ಹೌದು ಕಣೋ," ಎಂದಳು ಗೆಸೀನಾ. "ಬೆರೆಂಡನ ಮದುವೆ ದಿನ ಇವಳು ನನ್ನ ತೊಡೆ ಮೇಲೆ ಕೂತು ದ್ರಾಕ್ಷಿ ಬ್ರೆಡ್ಡು ತಿಂದಿದ್ಲು. ಇಷ್ಟೇ ಇದ್ಲು."

"ನಂಗೆ ನೆನಪಿಲ್ಲ."

"ನಿಂಗೆಲ್ಲಿ ನೆನಪಿರುತ್ತೆ? ಅವತ್ತು ಹೊಸ ಚಡ್ಡಿ ಹಾಕ್ಕೊಂಡು ಸಗಣಿ ಗುಂಡಿಗೆ ಬಿದ್ದು ಅಳ್ತಿದ್ದೆ."

ಬೆರೆಂಡ್ ನಕ್ಕುಬಿಟ್ಟ. ಡೆರ್ಕನ ಉಳಿದ ಅರ್ಧ ಕಿವಿ ಕೆಂಪಾಯಿತು. "ಎಲ್ಲರ ಮುಂದೆ ಅದನ್ನ ಯಾಕೆ ತೆಗಿತೀಯಮ್ಮ," ಎಂದು ಗೊಣಗಿದ. ಕಷಾಯ ಕುಡಿದು ಎದ್ದುಹೋದ. ಮತ್ತೆ ಕೇಳಲಿಲ್ಲ. ಗೆಸೀನಾ ಯಾರ ಮುಖವನ್ನೂ ನೋಡದೆ ಅವನ ಹಿಂದೆ ಹೋದಳು.

ಡೆಲಾ ಅತ್ತಳು. "ನಮ್ಮ ದೇವರು ದೊಡ್ಡವನು," ಎಂದಳು. ಯೂದಿಕ್‌ಗೆ ಮಾತ್ರ ತಲೆಯಲ್ಲಿ ಹೊಸ ಹುಳ ಹೊಕ್ಕಿತು. ಸುಳ್ಳು ಹೇಳುವುದಿಲ್ಲ ಎಂದವಳು ಮಗನಿಗೇ ಸುಳ್ಳು ಹೇಳಿದಳು. ಹಾಗಾದರೆ ಇವಳ ಯಾವ ಮಾತು ನಿಜ? ಮನೆಗೆ ಹೋಗಿ ಮಗನಿಗೆ ಬೇರೇನಾದರೂ ಹೇಳುತ್ತಾಳೋ? ರಜ ಮುಗಿದು ಡೆರ್ಕ್ ವಾಪಸ್ ಹೋದ. ಆಮೇಲೂ ಯೂದಿಕ್ ಬೂಟು ಬಿಚ್ಚದೆಯೇ ಮಲಗಿದಳು. ಬೇಸಿಗೆ ಹೋಯಿತು, ಇನ್ನೊಂದು ಚಳಿಗಾಲ ಹೋಯಿತು. ಯಾರೂ ಬರಲಿಲ್ಲ. ಇವತ್ತು ಬರಲಿಲ್ಲ, ನಾಳೆ ಬರಬಹುದು ಎಂದುಕೊಳ್ಳುತ್ತಿದ್ದಳು.

ಬಂದದ್ದು ಇಂಗ್ಲಿಷ್ ಸೈನಿಕರು, ಹೊಲದ ದಾರಿಯಲ್ಲಿ, ವಸಂತದ ಹೊತ್ತಿಗೆ. ಊರೆಲ್ಲ ಬಾವುಟ ಕಟ್ಟಿತು. ತೋಳಿಗೆ ಪಟ್ಟಿ ಕಟ್ಟಿಕೊಂಡ ಊರ ಗಂಡಸರು ಮನೆಮನೆಗೆ ಹೋಗಿ ಜರ್ಮನ್ನರ ಕಡೆಯವರನ್ನು ಎಳೆತಂದರು. ಮಗ ಶತ್ರು ಸೈನ್ಯದಲ್ಲಿದ್ದ ಕಾರಣ ಗೆಸೀನಾಳನ್ನೂ ತಂದು ಶಾಲೆಯ ಕೋಣೆಯಲ್ಲಿ ಕೂಡಿಹಾಕಿದರು.

ಯೂದಿಕ್‌ಗೆ ಸುದ್ದಿ ತಿಳಿದಾಗ ಮೊದಲು ಅನಿಸಿದ್ದು, ಸರಿ, ಈಗ ಗೊತ್ತಾಗುತ್ತದೆ ಎಂದು. ಏನು ಗೊತ್ತಾಗುತ್ತದೆ ಎಂದು ಅವಳಿಗೇ ಸ್ಪಷ್ಟವಿರಲಿಲ್ಲ. ಬೆರೆಂಡನ ಜೊತೆ ಶಾಲೆಗೆ ಹೋದಳು. ಗೆಸೀನಾ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮೇಲೆ ಮಾಡಿ ಕೂತಿದ್ದಳು. ಪಟ್ಟಿ ಕಟ್ಟಿಕೊಂಡವನು ಸೈಕಲ್ ರಿಪೇರಿಯವನು.

"ಪಕ್ಕದ ಮನೇಲೇ ಯಹೂದಿ ಹುಡುಗಿ ಇದ್ಲಲ್ಲ," ಎಂದು ಕೇಳುತ್ತಿದ್ದ. "ನಿನ್ನ ಮಗನಿಗೆ ಹೇಳಿದ್ಯಾ?"

"ನಂಗೆ ಗೊತ್ತೇ ಇರಲಿಲ್ಲ."

"ಸುಳ್ಳು."

"ಸುಳ್ಳು ಅಂದ್ಕೊ."

ಯೂದಿಕ್ ಬಾಗಿಲಲ್ಲಿ ನಿಂತು ನೋಡಿದಳು. 'ಗೊತ್ತಿತ್ತು, ಕಾಪಾಡಿದೆ' ಎಂದರೆ ಈ ಹೆಂಗಸು ಈಗಲೇ ಮನೆಗೆ ಹೋಗಬಹುದು. ಯಾಕೆ ಹೇಳುತ್ತಿಲ್ಲ? ಯೂದಿಕ್ ಎಂದಿನಂತೆ ಐಬು ಹುಡುಕಿದಳು. ಇಲ್ಲಿ ಯಾವ ಲಾಭವೂ ಕಾಣಲಿಲ್ಲ. ಗೆಸೀನಾಳ ಕೈ ಮಡಿಲಲ್ಲಿ ಮಗನ ಫೋಟೋವನ್ನು ಬೋರಲು ಹಿಡಿದಿತ್ತು. ಆಗ ಅರ್ಥವಾಯಿತು. ಗೊತ್ತಿತ್ತು ಎಂದರೆ, ಅವತ್ತು ಮಗನಿಗೆ ಸುಳ್ಳು ಹೇಳಿದೆ ಎಂದೂ ಒಪ್ಪಬೇಕು. ಆ ಮಗನಿಂದ ಚಳಿಗಾಲದಿಂದ ಸುದ್ದಿಯೇ ಇಲ್ಲ.

"ಇವರಿಗೆ ಗೊತ್ತಿತ್ತು," ಎಂದಳು ಯೂದಿಕ್.

ಕೋಣೆಯವರೆಲ್ಲ ತಿರುಗಿದರು.

"ಸುಮ್ನಿರು ಹುಡುಗಿ," ಎಂದಳು ಗೆಸೀನಾ.

"ಗೊತ್ತಿತ್ತು. ಡೆರ್ಕ್ ಇವರನ್ನ ಕೇಳಿದ, ನಾನು ಯಾರು ಅಂತ. ನನ್ನ ಎದುರಿಗೇ ಕೇಳಿದ. ಇವರು ಅವನಿಗೆ ಸುಳ್ಳು ಹೇಳಿದ್ರು."

"ಇವಳು? ಗೆಸೀನಾ?" ಸೈಕಲ್ ರಿಪೇರಿಯವನು ಬೆರೆಂಡನ ಕಡೆ ನೋಡಿದ.

"ಹೇಳಿದ್ಲು," ಎಂದ ಬೆರೆಂಡ್. "ಚೆನ್ನಾಗೇ ಹೇಳಿದ್ಲು."

ಸಂಜೆಯೊಳಗೆ ಬಿಟ್ಟರು. ಬೆರೆಂಡ್ ಮುಂದೆ ನಡೆದ. ಹೆಂಗಸರಿಬ್ಬರೂ ಹಿಂದೆ.

"ಇಷ್ಟು ಜನರ ಮುಂದೆ ಹೇಳ್ಬೇಕಿತ್ತಾ?" ಎಂದಳು ಗೆಸೀನಾ. ದನಿಯಲ್ಲಿ ಸಿಟ್ಟಿತ್ತು. "ಅವನು ಬಂದ್ರೆ ಯಾರಾದ್ರೂ ಹೇಳೇ ಹೇಳ್ತಾರೆ. ನನ್ನ ಮುಖ ಹೆಂಗೆ ನೋಡ್ತಾನೆ ಅವನು?"

"ನಾನೂ ನಿಮ್ಮನ್ನ ನಂಬಿರಲಿಲ್ಲ, ಗೆಸೀನಮ್ಮ. ಒಂದು ದಿನಾನೂ ನಂಬಿರಲಿಲ್ಲ."

"ನಂಬು ಅಂತ ನಾನು ಕೇಳಿದ್ನಾ?"

ಸ್ವಲ್ಪ ದೂರ ಹೋದ ಮೇಲೆ ಗೆಸೀನಾಳೇ ಮಾತೆತ್ತಿದಳು. "ನಿಮ್ಮಮ್ಮ ಯಾವಾಗ ಬರ್ತಾಳಂತೆ?"

"ಬೇಸಿಗೆ ಹೊತ್ತಿಗೆ ಎಲ್ಲರೂ ಬರ್ತಾರೆ ಅಂತಿದಾರೆ."

"ನೀನೇನಂತೀಯ?"

"ನಂಗೆ ನಂಬಿಕೆ ಇಲ್ಲ."

ಗೆಸೀನಾ ನಿಂತಳು. ಫೋಟೋವನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡಳು. ಯೂದಿಕ್‌ಳ ತೋಳು ಹಿಡಿದುಕೊಂಡಳು, ಬಿಡಲಿಲ್ಲ. ಮನೆ ಬರುವ ತನಕ ಹಾಗೇ ನಡೆದರು.

ಯಾರೂ ಬರಲಿಲ್ಲ. ಅಮ್ಮ, ಲೇವಿ ಆ ಅಕ್ಟೋಬರಿನಲ್ಲೇ ಪೋಲೆಂಡಿನ ಆಶ್ವಿಟ್ಸ್ ಎಂಬ ಸಾವಿನ ಶಿಬಿರ ಮುಟ್ಟಿದ ದಿನವೇ ಹೋಗಿಬಿಟ್ಟಿದ್ದರು. ಅಪ್ಪ ಅಲ್ಲೇ ಚಳಿಗಾಲ ಮುಗಿಯುವ ಮುಂಚೆ. ಡೆರ್ಕ್ ಎಲ್ಲಿ ಬಿದ್ದ ಎಂದು ಯಾರಿಗೂ ತಿಳಿಯಲಿಲ್ಲ. ಯೂದಿಕ್ ಆ ಸೀಮೆಯಲ್ಲೇ ಉಳಿದಳು. ಅಪ್ಪನ ಹಾಗೆ ದನದ ಸಂತೆಯಲ್ಲಿ ನಿಂತಳು. ವ್ಯಾಪಾರಕ್ಕೆ ನಿಂತ ಆ ಸೀಮೆಯ ಮೊದಲ ಹೆಂಗಸು ಅವಳೇ ಎನ್ನುತ್ತಾರೆ. ಗೆಸೀನಾ ಸತ್ತಾಗ ನೆಂಟರು ಯಾರೂ ಇರಲಿಲ್ಲ. ಡೆಲಾಳ ಜೊತೆ ಯೂದಿಕ್ ಹೋಗಿ ಹೆಣ ತೊಳೆದಳು.